ಸಾವಿರದ ಇನ್ನೂರು ಪುದೊಂಗ್

ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ನನ್ನದಕ್ಕೆ ಒಂದೇ ವರುಷ ಸಾಕಾಯಿತು. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಕೇಳಿದವರು ಮುಖ ಸಿಂಡರಿಸಿದರೆ ಸಿಂಡರಿಸಿಕೊಳ್ಳಲಿ.

ನನ್ನ ಅಣ್ಣ ಗವಿನೊ ನಮ್ಮ ಬೆಟ್ಟದೂರು ತಬ್ಬಾಕಿನಲ್ಲಿ ತರಕಾರಿ ಹೊರುವವನು. ಎಲೆಕೋಸಿನ ಮೂಟೆಗೆ ಕಟ್ಟಿದ ಪಟ್ಟಿಯನ್ನು ಹಣೆಗೆ ಕೊಟ್ಟು ಲಾರಿ ರಸ್ತೆಯವರೆಗೆ ಬೆಟ್ಟ ಇಳಿಯುವುದು, ಮತ್ತೆ ಬರಿಗೈಯಲ್ಲಿ ಹತ್ತುವುದು, ಇದೇ ಅವನ ಬದುಕು. ಬರಿಗೈಯಾದಾಗ ಅವನಿಗೆ ನಡೆಯಲು ಬರುತ್ತಿರಲಿಲ್ಲ. ಓಡುತ್ತಿದ್ದ. ಹದಿನೇಳು ವರ್ಷಗಳ ಹಿಂದೆ ಒಂದು ದಿನ ಅವನಿಗೆ ಅಂಪೊಂಗೊ ಬೆಟ್ಟವನ್ನು ಪೂರ್ತಿ ಸುತ್ತಿ ಬರುವ ಹುಚ್ಚು ಹಿಡಿಯಿತು. ಬೇಟೆಗಾರರ ಹಳೆಯ ಕಾಲುಹಾದಿಗಳು ಅಲ್ಲೊಂದು ಇಲ್ಲೊಂದು ಇದ್ದವು. ಅವನೂ ನಾನೂ ಒಂದೊಂದು ಮಚ್ಚು ಹಿಡಿದು ಎರಡು ತಿಂಗಳು ಪೊದೆ ಕಡಿದು ಅವನ್ನೆಲ್ಲ ಒಂದಕ್ಕೊಂದು ಕೂಡಿಸಿದೆವು. ಐವತ್ತು ಕಿಲೋಮೀಟರ್ ದಾರಿಯಾಯಿತು.

ಆಮೇಲೆ ಪ್ರತಿ ಫೆಬ್ರುವರಿಯಲ್ಲಿ, ಕೋಸು ಕೊಯ್ದು ಮುಗಿದ ಮೇಲೆ, ಆ ದಾರಿಯಲ್ಲಿ ಓಟ. ಓಡಬೇಕೆನ್ನುವವನು ಒಂದು ಕೋಳಿ ತರಬೇಕು, ಇಲ್ಲವೇ ಎರಡು ಸೇರು ಅಕ್ಕಿ. ಸಂಜೆ ಎಲ್ಲವೂ ಒಂದೇ ಹಂಡೆಗೆ. ಗೆದ್ದವನಿಗೆ ಹಂದಿಯ ತೊಡೆ, ಕೊನೆಗೆ ಬಂದವನಿಗೆ ಊರ ಹೆಂಗಸರ ಗೇಲಿ. ಅಷ್ಟೇ ನಮ್ಮ ಕಾನೂನು. ಬಾಗ್ಯೊ ಪೇಟೆಯಿಂದ ಜನ ಬರತೊಡಗಿದರು, ಆಮೇಲೆ ಮನಿಲಾದಿಂದಲೂ. ಅವರೂ ಬಸ್ಸಿನಲ್ಲಿ ಕೋಳಿ ಕಂಕುಳಲ್ಲಿಟ್ಟುಕೊಂಡೇ ಬಂದರು.

ಹಾಗೆ ಬಂದವನು ಬೊಯೆಟ್ ಸಾಲ್ದಿವಾರ್. ಮೊದಲ ಸಲ ಅರ್ಧ ದಾರಿಯಲ್ಲೇ ಕಾಲು ಬೊಬ್ಬೆಯೆದ್ದು ಕೂತವನನ್ನು ಗವಿನೊ ಕೋಸಿನ ಮೂಟೆಯಂತೆ ಹೊತ್ತು ತಂದ. ಮೂರು ಫೆಬ್ರುವರಿ ನಮ್ಮ ಒಲೆಯ ಪಕ್ಕದಲ್ಲಿ ಮಲಗಿದ. ನನ್ನ ಕೈಯ ಗೆಣಸು, ಹೊಗೆ ಹಾಕಿದ ಹಂದಿಮಾಂಸ ತಿಂದ. ನನಗೆ ಮನಾಂಗ್, ಗವಿನೊಗೆ ಮನೊಂಗ್, ಬಾಯಿ ತೆರೆದರೆ ಅಕ್ಕ, ಅಣ್ಣ. ನಾನು ಕರಗಿಹೋದೆ. ಉಂಡ ಮನೆಗೆ ಎರಡು ಬಗೆಯುವವರು ಇದ್ದಾರೆಂದು ಕೇಳಿದ್ದೆ, ಅಂಥವರು ಇಷ್ಟು ಚೆನ್ನಾಗಿ ಪಾತ್ರೆ ತೊಳೆದುಕೊಡುತ್ತಾರೆಂದು ಗೊತ್ತಿರಲಿಲ್ಲ.

ನಾಲ್ಕನೆಯ ವರ್ಷ ಅವನು ಒಂದು ಕಾಗದ ತಂದ. ಎಲ್ಲ ಇಂಗ್ಲಿಷು, ಸಣ್ಣ ಅಕ್ಷರ.

"ಏನಪ್ಪ ಇದು?" ಎಂದು ಗವಿನೊ ಕೇಳಿದ.

"ಬರೋರಿಗೆ ಅಂತ ಮಾಡಿರೋದು ಮನೊಂಗ್. ಇಲ್ಲೊಂದು ಸೈನ್ ಹಾಕಿ."

ಓಟಕ್ಕೆ ಬರುವವರ ಹೆಸರು ಬರೆದುಕೊಳ್ಳುವ ಕಾಗದವೆಂದುಕೊಂಡು ಗವಿನೊ ಸಹಿ ಹಾಕಿದ. ಅಂಪೊಂಗೊ ಓಟವೆಂಬ ಹೆಸರು, ಅದನ್ನು ನಡೆಸುವ ಹಕ್ಕು, ಎಲ್ಲವೂ ಸಾಲ್ದಿವಾರನ ಕಂಪನಿಗೆ ಸೇರಿದ್ದು ಎಂದು ಅದರಲ್ಲಿ ಬರೆದಿತ್ತು. ಗೊತ್ತಾದದ್ದು ಆರು ತಿಂಗಳ ಮೇಲೆ.

ಮುಂದಿನ ಓಟಕ್ಕೆ ಶಾಲೆಯ ಮೈದಾನದಲ್ಲಿ ಗಾಳಿ ತುಂಬಿದ ಕಮಾನು ಎದ್ದಿತು. ಮೈಕು, ದೊಡ್ಡ ಪರದೆ, ಜನರೇಟರು, ತಲೆಯ ಮೇಲೆ ಗುಂಯ್‌ಗುಡುವ ಡ್ರೋನು. ಕೋಳಿ ಹೋಯಿತು, ಹಂಡೆ ಹೋಯಿತು. ಓಡುವವರಿಗೆ ಚೀಪಲು ಅಂಟಂಟು ಸಿಹಿಯ ಪೊಟ್ಟಣ ಬಂತು. ಗವಿನೊ ಎಂದಿನಂತೆ ಎಲ್ಲರ ಜೊತೆ ಓಡಲು ಹೊರಟ. ಬೆಟ್ಟದ ಕಣಿವೆಯ ಹತ್ತಿರ ಕಪ್ಪು ಅಂಗಿಯ ಇಬ್ಬರು ಅವನ ರಟ್ಟೆ ಹಿಡಿದರು.

"ಎದೆ ಮೇಲೆ ನಂಬರ್ ಎಲ್ಲಿ ತಾತ? ನಂಬರ್ ಇಲ್ದೆ ಈ ದಾರೀಲಿ ಓಡೋ ಹಾಗಿಲ್ಲ. ಪಕ್ಕಕ್ಕೆ ಬನ್ನಿ."

ಅವನು ಕಡಿದ ದಾರಿ ಅದು! ಸಾಲ್ದಿವಾರ್ ಹತ್ತು ಮಾರು ದೂರದಲ್ಲೇ ನಿಂತಿದ್ದ. ಗವಿನೊ ಅವನ ಕಡೆ ನೋಡಿದ. ಅವನು ಫೋನು ನೋಡಿದ. ರಟ್ಟೆ ಹಿಡಿದು ಎಳೆದದ್ದನ್ನು ಡ್ರೋನು ತೆಗೆದು, ಅದಕ್ಕೊಂದು ತಮಾಷೆಯ ಹಾಡು ಸೇರಿಸಿ ಯಾರೋ ಊರೂರಿಗೆ ಹಂಚಿದರು. ಅಂದಿನಿಂದ ನನ್ನಣ್ಣ ಓಡಲಿಲ್ಲ. ಮೂಟೆ ಹೊತ್ತಾಗಲೂ ಆ ದಾರಿ ಬಿಟ್ಟು ಲಾರಿ ರಸ್ತೆಯಲ್ಲಿ ಸುತ್ತಿಕೊಂಡು ಬರತೊಡಗಿದ. ಐವತ್ತೆಂಟರ ಗಂಡಸು ಊಟಕ್ಕೆ ಕೂತರೆ ಗೋಡೆಯ ಕಡೆ ಮುಖ ಮಾಡುತ್ತಿದ್ದ. ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಆಗ. ನನಗೆ ಬೇಕಾಗಿದ್ದದ್ದು ಎರಡೇ: ಸಾಲ್ದಿವಾರ್ ನೂರಾರು ಜನರ ಮುಂದೆ ತಲೆ ತಗ್ಗಿಸಬೇಕು, ಗವಿನೊ ಮತ್ತೆ ಆ ದಾರಿಯಲ್ಲಿ ಓಡಬೇಕು.

ಅಕ್ಟೋಬರಿನಲ್ಲಿ ಸಾಲ್ದಿವಾರ್ ಮುಂದಿನ ಓಟದ ತಯಾರಿಗೆಂದು ಫೋಟೊ ತೆಗೆಯುವವನೊಬ್ಬನನ್ನು ಕಟ್ಟಿಕೊಂಡು ಬಂದ. ನಾನು ಗೆಣಸಿನ ಹೊಲದಲ್ಲಿದ್ದೆ. ಬದುವಿನ ಮೇಲೆ ಒಂದು ಪುದೊಂಗ್ ನೆಟ್ಟಿತ್ತು. ಪುದೊಂಗ್ ಅಂದರೆ ಇಷ್ಟೇ: ಉದ್ದನೆಯ ರುನೊ ಜೊಂಡು, ಅದರ ತುದಿಗೊಂದು ಗಂಟು. ನೆಟ್ಟಲ್ಲಿಂದ ಒಳಗೆ ಬರಬೇಡ ಎಂದರ್ಥ. ಬಿತ್ತಿದ ಹೊಲಕ್ಕೆ, ಹೆರಿಗೆಯಾದ ಮನೆಗೆ, ಬಲಿ ಕೊಟ್ಟ ದಿನ ಇಡೀ ಊರಿಗೆ ನೆಡುತ್ತೇವೆ. ನೆಟ್ಟವನು ಕೀಳುವ ತನಕ ನಮ್ಮವರು ಯಾರೂ ದಾಟುವುದಿಲ್ಲ.

"ಅಯ್ಯೋ ಮನಾಂಗ್, ಎಷ್ಟು ಚೆನ್ನಾಗಿದೆ ಇದು! ಏನಿದು?"

"ಪುದೊಂಗ್."

"ಅಂದ್ರೆ?"

ನಿಜ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ಕಾಗದ ಹಿಡಿದು ನಮ್ಮ ಒಲೆಯ ಮುಂದೆ ಕೂತಿದ್ದು ಕಣ್ಣಿಗೆ ಕಟ್ಟಿತು. ಅವನ ಮಾತನ್ನೇ ಅಕ್ಷರ ತಪ್ಪದೆ ಅವನಿಗೆ ಕೊಟ್ಟೆ.

"ಬರೋರಿಗೆ ಅಂತ ಮಾಡಿರೋದು."

"ಓಹೋ, ಸ್ವಾಗತಕ್ಕಾ?"

"ನೀವು ಓದಿದೋರು ಸರ್. ನಿಮಗೆ ನಾನೇನು ಹೇಳ್ಕೊಡೋದು."

ಅವನ ಮುಖ ಅರಳಿತು. ದಾರಿ ತೋರಿಸಲು ಪ್ಲಾಸ್ಟಿಕ್ ರಿಬ್ಬನ್ ಬೇಡ, ಈ ಸಲ ಮಣ್ಣಿನ ವಾಸನೆ ಬೇಕು ಎಂದು ದುಡ್ಡು ಹಾಕುವ ಕಂಪನಿಗಳು ಹೇಳಿದ್ದವಂತೆ. ದಾರಿಯುದ್ದಕ್ಕೂ ಪುದೊಂಗ್ ನೆಡುವುದೆಂದು ಅಲ್ಲೇ ತೀರ್ಮಾನವಾಯಿತು. ಓಟಗಾರರ ಅಂಗಿಯ ಎದೆಯ ಮೇಲೂ ಅದೇ ಚಿತ್ರ, ಪದಕದ ಮೇಲೂ ಅದೇ. ಊರಿನಲ್ಲಿ ಇನ್ನೊಬ್ಬರನ್ನು ಕೇಳಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವನು ಕೇಳಲಿಲ್ಲ. ಹಳ್ಳಿಯವರನ್ನು ಒಂದು ಸಲ ಕೇಳಿದರೇ ಹೆಚ್ಚು ಎನ್ನುವ ಜಾತಿಯವನು ಅವನು.

ಜನವರಿಯಲ್ಲಿ ಸಾವಿರದ ಇನ್ನೂರು ಪುದೊಂಗ್ ಕಟ್ಟಲು ನಮ್ಮೂರ ಹೆಂಗಸರಿಗೇ ಕೂಲಿ ಕೊಟ್ಟ. ಶಾಲೆಯ ಅಂಗಳದಲ್ಲಿ ಜೊಂಡಿನ ರಾಶಿ ಹಾಕಿಕೊಂಡು ಕೂತೆವು. ನನ್ನ ಪಕ್ಕ ಚಿಕ್ಕಮ್ಮನ ಮಗಳು ಸಬಿನಾ.

"ಲೇ ಪೆಟ್ಟಾ, ಇದು ಏನೂಂತ ಅವನಿಗೆ ಗೊತ್ತೇನೇ?"

"ಗೊತ್ತು ಅನ್ಕೊಂಡಿದಾನೆ."

"ಯಾರೇ ಹೇಳಿದ್ದು?"

"ಅವನೇ ಹೇಳ್ಕೊಂಡ. ನಾನು ಗೆಣಸು ಅಗೀತಿದ್ದೆ."

ಸಬಿನಾ ನಕ್ಕ ನಗುವಿಗೆ ಕೈಲಿದ್ದ ಜೊಂಡು ಮುರಿಯಿತು. ಆ ನಗು ಸಾಲಿನ ಕೊನೆಯವರೆಗೂ ಹರಡಿತು. ಆಗ ಕೋಲೂರಿಕೊಂಡು ಅಪೊ ಕಮಾಯೆನ್ ಬಂದಳು. ಊರಿಗೆಲ್ಲ ಹಿರಿಯಳು, ಎಲ್ಲರಿಗೂ ಅಪೊ, ಎಂದರೆ ಅಜ್ಜಿ, ಯಾವ ದಿನ ಊರು ಮುಚ್ಚಬೇಕು ಯಾವ ದಿನ ತೆರೆಯಬೇಕು ಎಂದು ಹೇಳುವವಳು ಅವಳೇ. ರಾಶಿಯನ್ನು ನೋಡಿ ಒಂದೇ ಮಾತು ಅಂದಳು.

"ಇನಾಯನ್."

ನಮ್ಮಲ್ಲಿ ಪೊಲೀಸರಿಗೂ ಹೆದರದವರು ಈ ಮಾತಿಗೆ ಹೆದರುತ್ತಾರೆ. ಬೇಡ, ಮಾಡಬೇಡ, ಮಾಡಿದ್ದು ನಿನಗೇ ತಿರುಗುತ್ತದೆ, ಇಷ್ಟೂ ಅದರಲ್ಲಿದೆ. ನಗು ನಿಂತಿತು.

"ಕೈಯಲ್ಲಿರೋ ತನಕ ಇದು ಹುಲ್ಲು ಕಣ್ರೇ. ನೆಟ್ಟ ಮೇಲೆ ಮಾತು. ಯಾರು ನೆಟ್ಟರೂ ಮಾತೇ. ಆಮೇಲೆ ಬಂದು ತಮಾಷೆಗೆ ಮಾಡಿದ್ವಿ ಅಂದ್ರೆ ನಾನು ಕೇಳೋಳಲ್ಲ."

ಅವಳು ಹೋದ ಮೇಲೆ ಹೆಂಗಸರು ನನ್ನ ಮುಖ ನೋಡಿದರು. ನಾನು ಇನ್ನೊಂದು ಜೊಂಡು ತೆಗೆದುಕೊಂಡು ಗಂಟು ಬಿಗಿದೆ. ಅದು ಮಾತಾಗಲಿ ಎಂದೇ ನನ್ನ ಆಸೆ. ಒಬ್ಬೊಬ್ಬರಾಗಿ ಅವರೂ ಕೈ ಹಾಕಿದರು. ಕಪ್ಪು ಅಂಗಿಯವರು ಗವಿನೊನ ರಟ್ಟೆ ಎಳೆದದ್ದನ್ನು ಅವರೂ ನೋಡಿದ್ದರು. ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿತು. ಗವಿನೊಗೆ ಮಾತ್ರ ಯಾರೂ ಹೇಳಲಿಲ್ಲ. ಗೊತ್ತಾಗಿದ್ದರೆ ಅವನೇ ಹೋಗಿ ಸಾಲ್ದಿವಾರನಿಗೆ ತಿಳಿಸುತ್ತಿದ್ದ. ಅಂಥ ಮನುಷ್ಯ.

ಓಟದ ಹಿಂದಿನ ದಿನ ಮನಿಲಾದ ಹುಡುಗರು ಐವತ್ತು ಕಿಲೋಮೀಟರಿಗೂ ಪುದೊಂಗ್ ನೆಟ್ಟರು. ಓಟಗಾರರೆಲ್ಲ ಊರು ಸೇರಿದ ಮೇಲೆ ಲಾರಿ ರಸ್ತೆಯಲ್ಲೂ ನೆಟ್ಟರು, ಓಟದ ಕೊನೆಯ ಭಾಗ ಅಲ್ಲೇ ಹಾದುಹೋಗುತ್ತಿತ್ತು.

ಬೆಳಿಗ್ಗೆ ಕಮಾನಿನ ಕೆಳಗೆ ಆರುನೂರು ಜನ. ಎಲ್ಲರಿಗಿಂತ ಮುಂದೆ, ಫೋಟೊ ಚೆನ್ನಾಗಿ ಬರಲೆಂದು, ನಮ್ಮ ಹದಿನೈದು ಹುಡುಗರಿಗೆ ತಾತಂದಿರ ಕಾಲದ ಲಂಗೋಟಿ ಉಡಿಸಿ ನಿಲ್ಲಿಸಿದ್ದ. ಚಪ್ಪರದಡಿ ಮೇಯರ್, ಮನಿಲಾದ ದೊಡ್ಡ ಮನುಷ್ಯರು. ಮೇಯರ್ ನಮ್ಮವನೇ. ಹಿಂದಿನ ದಿನವೇ ಊರು ಸೇರಿದ್ದವನು ಬೆಳಿಗ್ಗೆ ಜನರ ಎದೆಯ ಮೇಲಿನ ಚಿತ್ರ ನೋಡಿ ಹುಬ್ಬು ಗಂಟಿಕ್ಕಿದ್ದ. ನಾನು ಶಾಲೆಯ ಜಗಲಿಯ ಮೇಲೆ ಕಾಫಿ ಹಿಡಿದು ಕೂತಿದ್ದೆ.

ಕೊಂಬು ಕೂಗಿತು. ಹದಿನೈದು ಹುಡುಗರು ಹತ್ತು ಹೆಜ್ಜೆ ಓಡಿದರು. ಮೊದಲ ಪುದೊಂಗ್ ಬಂತು. ನಿಂತರು. ಹಿಂದಿದ್ದವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು.

"ಏನಾಯ್ತು? ಓಡಿ, ಓಡಿ!" ಸಾಲ್ದಿವಾರ್ ಮೈಕಿನಲ್ಲಿ ಕೂಗಿದ.

ಮುಂದಿದ್ದವನು ಸಬಿನಾಳ ಮಗ. ತಿರುಗಿ ನಿಂತು, "ಹೋಗೋ ಹಾಗಿಲ್ಲ ಸರ್. ಬರಬೇಡ ಅಂತ ನೀವೇ ನೆಟ್ಟಿದೀರಲ್ಲ" ಎಂದ.

"ಏನು ಬರಬೇಡ? ಅದು ಸ್ವಾಗತ!"

ಬಾಗ್ಯೊದಿಂದ ಬಂದಿದ್ದ ಓಟಗಾರ್ತಿಯೊಬ್ಬಳು, ಯಾವುದೋ ಆಸ್ಪತ್ರೆಯ ಡಾಕ್ಟರಂತೆ, ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಜೊಂಡಿನ ಗಂಟು ನೋಡಿದಳು. ತನ್ನ ಎದೆಯ ಮೇಲಿನ ಚಿತ್ರ ನೋಡಿಕೊಂಡಳು. ಹೋಗಿ ಸಾಲ್ದಿವಾರನ ಕೈಯಿಂದ ಮೈಕು ಕಿತ್ತುಕೊಂಡಳು.

"ನಮ್ಮಜ್ಜಿ ಈ ಕಡೆಯೋಳು. ಇದು ಪುದೊಂಗ್. ಒಳಗೆ ಕಾಲಿಡಬೇಡ ಅಂತ ಅರ್ಥ. ನಾವು ಆರುನೂರು ಜನ ಎದೆ ಮೇಲೆ 'ಬರಬೇಡಿ' ಅಂತ ಬರ್ಕೊಂಡು, 'ಬರಬೇಡಿ' ಅನ್ನೋ ದಾರೀಲಿ ಓಡೋಕೆ ದುಡ್ಡು ಕೊಟ್ಟಿದೀವಿ. ನಾನಂತೂ ಓಡಲ್ಲ."

ಎಲ್ಲೋ ಹಿಂದೆ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಮೈದಾನ. ಅಬ್ಬಾ, ಆ ನಗು! ಪ್ರತಿಯೊಬ್ಬರೂ ಪಕ್ಕದವರ ಎದೆಗೆ ಬೆರಳು ತೋರಿಸಿ ನಕ್ಕರು. ಪರದೆಯ ಮೇಲೆ ಸಾಲ್ದಿವಾರನ ಮುಖ ಮನೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು, ಅದನ್ನು ಆರಿಸುವ ಬುದ್ಧಿ ಯಾರಿಗೂ ಬರಲಿಲ್ಲ. ಕಂಪನಿಗಳವರು ಎದ್ದು ಕಾರು ಹತ್ತಿದರು. ಓಟಗಾರರು ಹಣ ವಾಪಸು ಕೊಡು ಎಂದು ಸುತ್ತುವರಿದರು. ಅವನು ಓಡಿಹೋಗಿ ಮೇಯರ್‌ನ ಕೈ ಹಿಡಿದುಕೊಂಡ.

"ಸರ್, ನೀವಾದ್ರೂ ಹೇಳಿ, ಇದೇನು ಕಾನೂನಲ್ಲವಲ್ಲ!"

"ಕಾನೂನಲ್ಲ. ಆದ್ರೆ ನಾನು ಮೇಯರ್ ಆಗೋಕೆ ಮುಂಚೆ ನಮ್ಮಜ್ಜಿ ಮೊಮ್ಮಗ" ಎಂದು ಮೇಯರ್ ಕೈ ಬಿಡಿಸಿಕೊಂಡ. "ಇನ್ಮೇಲೆ ಈ ದಾರಿಗೆ ಅನುಮತಿ ಕೇಳ್ಕೊಂಡು ನನ್ನ ಆಫೀಸಿಗೆ ಬರಬೇಡಿ."

ನನ್ನ ಕಾಫಿ ತಣ್ಣಗಾಗಿತ್ತು. ಅಂಥ ರುಚಿಯ ಕಾಫಿ ನಾನು ಕುಡಿದೇ ಇಲ್ಲ.

ಹಾರುತ್ತಾ ಮನೆಗೆ ಹೋದೆ. ಗವಿನೊ ಬುಟ್ಟಿಯ ಹರಿದ ಪಟ್ಟಿ ಹೊಲಿಯುತ್ತಿದ್ದ. ಮೈದಾನದಲ್ಲಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ನಗುತ್ತಾನೆಂದು ಕಾದೆ. ಅವನ ಸೂಜಿ ನಿಂತಿತು.

"ದಾರಿ ಪೂರ್ತಿ ನೆಟ್ಟಿದಾರಾ?"

"ಪೂರ್ತಿ! ಸಾವಿರದ ಇನ್ನೂರು!"

"ಹಾಗಾದ್ರೆ ನಾನೂ ಹೋಗೋ ಹಾಗಿಲ್ಲ."

ಸೇಡಿನ ಕಣ್ಣಿಗೆ ಇದೊಂದು ಕಂಡಿರಲಿಲ್ಲ ನೋಡಿ. ಹೋದ ವರ್ಷ ಸಾಲ್ದಿವಾರ್ ಕಾಗದದಿಂದ ಮುಚ್ಚಿದ ದಾರಿಯನ್ನು ಈ ವರ್ಷ ನಾನು ಜೊಂಡಿನಿಂದ ಮುಚ್ಚಿದ್ದೆ. ಕಾಗದವನ್ನಾದರೂ ಗವಿನೊ ಒಂದು ದಿನ ಧಿಕ್ಕರಿಸಿ ಓಡಬಹುದಿತ್ತು. ಪುದೊಂಗನ್ನು ಅವನು ಸತ್ತರೂ ದಾಟುವವನಲ್ಲ. ನೆಟ್ಟವನೇ ಬಂದು ಕೀಳಬೇಕು. ಸಾಲ್ದಿವಾರ್ ಬಾಲ ಮುದುರಿಕೊಂಡು ಮನಿಲಾ ಸೇರಿಬಿಟ್ಟರೆ ಕೀಳುವವರು ಯಾರು?

ಅವನನ್ನು ಹಿಡಿದು ನಿಲ್ಲಿಸಿದ್ದು ಅವನ ಲಾರಿಗಳು. ಕಮಾನು, ಪರದೆ, ಜನರೇಟರು ಎಲ್ಲ ಬಾಡಿಗೆಯವು. ಮುಂದಿನ ವಾರ ಸೆಬುವಿನಲ್ಲಿ ಇನ್ನೊಂದು ಓಟಕ್ಕೆ ಅವು ಬೇಕು. ಲಾರಿ ಓಡಿಸುವವರು ಇಬ್ಬರೂ ಗುಡ್ಡಗಾಡಿನವರು. ರಸ್ತೆಯ ಮೇಲಿನ ಪುದೊಂಗ್ ನೋಡಿ ಎಂಜಿನ್ ಆರಿಸಿ, ಲಾರಿಯ ನೆರಳಿನಲ್ಲಿ ಇಸ್ಪೀಟು ಹಾಕಿಕೊಂಡು ಕೂತರು. ಸಾಲ್ದಿವಾರ್ ತನ್ನ ಹುಡುಗರನ್ನು ಕಿತ್ತು ಎಸೆಯಲು ಕಳಿಸಿದ. ಡ್ರೈವರುಗಳು ತಲೆ ಎತ್ತದೆ, "ಅವರು ಕಿತ್ರೆ ಲೆಕ್ಕಕ್ಕಿಲ್ಲ ಸರ್, ಹೇಳಿ ನೆಡಿಸಿದೋರು ನೀವು" ಎಂದರು. ಕೊನೆಗೆ ಅವನು ಅಪೊ ಕಮಾಯೆನ್‌ಳ ಅಂಗಳಕ್ಕೆ ಬಂದು ನಿಂತ.

"ಅಪೊ, ಲಾರಿ ಬಿಡಿಸಿಕೊಡಿ. ಏನು ಬೇಕಾದ್ರೂ ಕೊಡ್ತೀನಿ."

"ಏನೂ ಬೇಡ ಮಗ. ರಸ್ತೇದೊಂದೇ ಕಿತ್ರೆ ಆಗಲ್ಲ, ಎಲ್ಲ ಒಂದೇ ಮಾತು. ಅಲ್ಲಿಂದ ಇಲ್ಲೀ ತನಕ ನಿನ್ನ ಕೈಯಿಂದಲೇ ಒಂದೊಂದಾಗಿ ಕೀಳು. ಲಾರಿ ತಾನಾಗೇ ಹೋಗುತ್ತೆ."

"ಐವತ್ತು ಕಿಲೋಮೀಟರ್ ಅಪೊ! ಬೆಟ್ಟ!"

"ಬೇರೆಯೋರನ್ನ ಓಡಿಸುವಾಗ ಬೆಟ್ಟ ಇರಲಿಲ್ವಾ?"

ಅಂಗಳದಲ್ಲಿ ನೆರೆದಿದ್ದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ಬಾಯಿ ಬಿಟ್ಟೇ ನಕ್ಕೆ. ನಮ್ಮೂರಿಗೆ ಬಂದ ಮೊದಲ ಸಲ ಅರ್ಧಕ್ಕೇ ಕೂತ ಮೇಲೆ ಆ ದಾರಿಯನ್ನು ಅವನು ಒಮ್ಮೆಯೂ ಪೂರ್ತಿ ಸುತ್ತಿರಲಿಲ್ಲ. ಈಗ ಸುತ್ತಲಿ!

ಮರುದಿನ ಬೆಳಿಗ್ಗೆ ಅವನು ಹೊರಟ. ಹಿಂದೆ ಹತ್ತು ಹೆಜ್ಜೆ ಬಿಟ್ಟು ಗವಿನೊ ನಿಂತಿದ್ದ, ಬೆನ್ನಿನ ಬುಟ್ಟಿಯಲ್ಲಿ ಗೆಣಸು, ನೀರು.

"ನೀನ್ಯಾಕೆ ಹೋಗ್ತೀಯ ಅವನ ಹಿಂದೆ?" ನನಗೆ ರೇಗಿತು.

"ಬಿದ್ದು ಸತ್ರೆ? ಅವನು ಕಿತ್ತಷ್ಟು ದಾರಿ ನನಗೆ ತೆರೆದ ಹಾಗೆ. ಹಿಂದೇನೇ ಹೋಗ್ತೀನಿ." ಒಂದು ಗಳಿಗೆ ನನ್ನ ಮುಖ ನೋಡಿದ. "ಪೆಟ್ಟಾ, ನೆಡೋಕೆ ಮುಂಚೆ ಅವನು ನಿನ್ನನ್ನ ಏನಾದ್ರೂ ಕೇಳಿದ್ನಾ?"

ನಾನು ಬುಟ್ಟಿ ಸರಿಮಾಡುವವಳಂತೆ ಬಗ್ಗಿದೆ. ಅವನು ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ಕೇಳದೆ ಹೋದದ್ದು ಮುಳ್ಳಿನಂತೆ ಒಳಗೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಅಪೊ ಕಮಾಯೆನ್‌ಳ ಮುಂದೆ ಹೋಗಿ ಕೂತೆ. ಎಲ್ಲ ಹೇಳಿದೆ. ಅವಳು ಅವರೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅವನು ಹುಡುಗರ ಕೈಯಲ್ಲಿ ನೆಟ್ಟ. ನೀನು ಬಾಯಲ್ಲಿ ನೆಟ್ಟೆ. ಅವನು ಕೀಳ್ತಿದಾನೆ. ನೀನು ಹೆಂಗೆ ಕೀಳ್ತೀಯ?"

"ನೀವೇ ಹೇಳಿ."

"ಊರಿಗೊಂದು ಹಂದಿ ಕೊಡು. ಮುಂದಿನ ಕೋಸು ಕೊಯ್ಯೋವರೆಗೂ ಆ ದಾರಿಗೆ ಕಾಲಿಡಬೇಡ."

"ಆ ದಾರಿ ಕಡಿದಿದ್ದು ನಾನೂ ಅವನೂ ಅಪೊ!"

"ಅದಕ್ಕೇ ಒಂದೇ ವರ್ಷ ಅಂದಿದ್ದು. ತಪ್ಪಾಯ್ತು ಅನ್ಸುತ್ತಾ?"

ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಏಕೆ ಎಂದು, "ಇಲ್ಲ" ಎಂದೆ. ಅವಳು ತಲೆಯಾಡಿಸಿ ಅವರೆಯ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. ಇಬ್ಬರೂ ಸುಲಿದೆವು.

ಮೂರು ದಿನ ಹಿಡಿಯಿತು. ಬೆಟ್ಟದಿಂದ ಇಳಿದ ಬೇಟೆಗಾರರು ಸುದ್ದಿ ತರುತ್ತಿದ್ದರು: ಕಣಿವೆಯಲ್ಲಿ ಕೂತು ಅತ್ತನಂತೆ, ಗವಿನೊ ಗೆಣಸು ತಿನ್ನಿಸಿದನಂತೆ. ಗೆಣಸಿನ ಸುದ್ದಿಗೆ ನನಗೆ ಮೈ ಉರಿಯಿತು, ಅಳುವಿನದಕ್ಕೆ ತಂಪಾಯಿತು.

ಮೂರನೆಯ ದಿನ ಮಧ್ಯಾಹ್ನ ಊರೆಲ್ಲ ಮೈದಾನದಲ್ಲಿ ಸೇರಿತ್ತು. ನಾನು ಕೊನೆಯ ಪುದೊಂಗಿನ ಈಚೆ ನಿಂತೆ. ಸಾಲ್ದಿವಾರ್ ಕುಂಟುತ್ತಾ ಬಂದ. ರುನೊ ಎಲೆಯ ಅಂಚು ಕೊಯ್ದು ಅಂಗೈಗಳೆರಡರಲ್ಲೂ ರಕ್ತ ಹೆಪ್ಪುಗಟ್ಟಿತ್ತು. ಕೊನೆಯದನ್ನು ಹಿಡಿದುಕೊಂಡು ನನ್ನ ಮುಖ ನೋಡಿದ.

"ಗೊತ್ತಿದ್ದೂ ಹೇಳಲಿಲ್ಲ ಅಲ್ವಾ ಮನಾಂಗ್?"

"ಗೊತ್ತಿದ್ದೇ ಹೇಳಲಿಲ್ಲ."

"ನಿಮ್ಮನೇಲಿ ಊಟ ಮಾಡಿದೋನು ನಾನು."

"ಅದಕ್ಕೇ. ಕೀಳು."

ಕಿತ್ತ. ಅಲ್ಲೇ ಹುಲ್ಲಿನ ಮೇಲೆ ಕುಸಿದ. ಓಟದ ಹೆಸರು ಅವನ ಕಾಗದದಲ್ಲಿ ಅವನ ಹತ್ತಿರವೇ ಇದೆ, ಈಗಲೂ. ಇಟ್ಟುಕೊಳ್ಳಲಿ, ಉಪ್ಪು ಹಾಕಿ ನೆಕ್ಕಲಿ. ಅವನ ಮುಖದ ಮೇಲೆ ಎಸೆಯಬೇಕೆಂದು ನಾನು ವರ್ಷವೆಲ್ಲ ಮಾತು ಮಸೆದಿಟ್ಟಿದ್ದೆ. ಒಂದೂ ಆಡಲಾಗಲಿಲ್ಲ. ಅವನ ಹಿಂದೆ ಗವಿನೊ ಬಂದು ನಿಂತಿದ್ದ.

ಗವಿನೊ ಬಿದ್ದವನನ್ನು ನೋಡಲಿಲ್ಲ, ಸೇರಿದ ಜನರನ್ನೂ ನೋಡಲಿಲ್ಲ. ಬೆನ್ನಿನ ಬುಟ್ಟಿ ಇಳಿಸಿದ. ಬಂದ ದಾರಿಯ ಕಡೆಗೇ ತಿರುಗಿದ. ಮೊದಲು ನಾಲ್ಕು ಹೆಜ್ಜೆ ಮಂಡಿ ಹಿಡಿದ ಮುದುಕನಂತೆ ಕಾಲೆಳೆದ. ಐದನೆಯದಕ್ಕೆ ಓಡಿದ. ನನ್ನಣ್ಣ ಓಡಿದ! ಊರು ಹೋ ಎಂದು ಕೂಗಿತು. ನನಗೆ ಅಳು ಒತ್ತರಿಸಿ ಬಂತು.

ತಿರುವಿನಲ್ಲಿ ಅವನು ನಿಂತು ಹಿಂದಿರುಗಿ ನೋಡಿದ. ಅಪೊ ನನಗೆ ವಿಧಿಸಿದ್ದು ಅವನಿಗೆ ಗೊತ್ತಿರಲಿಲ್ಲ.

"ಪೆಟ್ಟಾ! ಏನೇ ನೋಡ್ತಾ ನಿಂತಿದೀಯ? ಬಾರೇ!"

ನನ್ನ ಕಾಲು ತಾನಾಗಿ ಎದ್ದಿತು. ಅಪೊ ಕಮಾಯೆನ್ ನನ್ನ ಪಕ್ಕದಲ್ಲೇ ಇದ್ದಳು, ಕೋಲು ಅಡ್ಡ ಇಡಲಿಲ್ಲ. ಎತ್ತಿದ ಕಾಲನ್ನು ಇದ್ದಲ್ಲೇ ಇಟ್ಟೆ.

"ಬಾರೇ!" ಎಂದು ಅವನು ಮತ್ತೆ ಕೂಗಿದ.

"ನೀನು ಹೋಗು!" ಎಂದೆ. ದನಿ ಅವನಿಗೆ ಮುಟ್ಟಲಿಲ್ಲವೇನೋ. ಅವನು ನಗುತ್ತಾ, ಕೈ ಬೀಸಿ ಕರೆಯುತ್ತಾ, ತಿರುವಿನಲ್ಲೇ ಕಾಯುತ್ತಾ ನಿಂತಿದ್ದ.